ನಾಲ್ಕರಲ್ಲಿ ಒಂದು ಮಿಸ್ಸಿಂಗ್

ಮಂಗಳೂರಿನ ಮಣ್ಣಗುಡ್ಡದಲ್ಲಿ ಕಿವಿ ಇಲ್ಲದವರು ಯಾರೂ ಇರಲಿಲ್ಲ. ಆದರೆ ಕಿವಿಯಿಂದಲೇ ಕಾರು ರಿಪೇರಿ ಮಾಡುವ ಮನುಷ್ಯ ಇದ್ದದ್ದು ಒಬ್ಬರೇ. ಅವರು ಶ್ರೀಮಾನ್ ಸೆವರಿನ್ ಲೋಬೊ, ಹೆಂಚಿನ ಕಾರ್ಖಾನೆಯ ಹೆಡ್ ಕ್ಲಾರ್ಕ್. ಅವರ ಹತ್ತಿರ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇತ್ತು. ಅದರ ಮೊನೆಯನ್ನು ಓಡುತ್ತಿರುವ ಎಂಜಿನ್ನಿಗೆ ತಾಗಿಸಿ, ಮರದ ಹಿಡಿಯನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಓಣಿಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. "ಡಾಕ್ಟರ್ ಎದೆಗೆ ಕೊಳವೆ ಇಟ್ಟು ಕೇಳುದಿಲ್ವಾ? ಇದೂ ಹಾಗೇ. ಯಂತ್ರ ಸುಳ್ಳು ಹೇಳುದಿಲ್ಲ ಮಾರಾಯ್ರೆ, ಕೇಳುವ ಕಿವಿ ಬೇಕು" ಎಂಬುದು ಅವರ ಸಿದ್ಧಾಂತ.

ಅವರ ಕಾರು ಕಪ್ಪು ಬಣ್ಣದ್ದು, ಯುದ್ಧಕ್ಕೆ ಮೊದಲು ಹುಟ್ಟಿದ್ದು. ಕಾರ್ಖಾನೆಯ ಇಂಗ್ಲಿಷ್ ಮ್ಯಾನೇಜರು ಊರಿಗೆ ಮರಳುವಾಗ ಲೋಬೊರ ಬೆನ್ನು ತಟ್ಟಿ, ಮಾರಿಬಿಟ್ಟು ಹೋಗಿದ್ದ. ಹೊಸದರಲ್ಲಿ ಒಂದು ದಿನ ಅದು ಏಳಲೇ ಇಲ್ಲ. ಲೋಬೊರು ಸ್ಕ್ರೂಡ್ರೈವರ್ ಇಟ್ಟು ಕೇಳಿ, "ಡೈನಮೋಗೆ ನೆಗಡಿ" ಎಂದು ತೀರ್ಪು ಕೊಟ್ಟು ಸಂಜೆಯವರೆಗೆ ಬಿಚ್ಚಿದರು. ಕೊನೆಗೆ ತಿಳಿದದ್ದು, ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿಲ್ಲ ಎಂದು. ಮತ್ತೊಮ್ಮೆ, ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ತಾನಾಗಿಯೇ ಕೂಗತೊಡಗಿತು. "ಸ್ಟಿಯರಿಂಗಿನ ಒಳಗೆ ವಯರ್ ಉಜ್ಜಿ ಶಾರ್ಟ್ ಆಗ್ತಾ ಉಂಟು" ಎಂದು ಅವರು ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ಆದರೆ ಸ್ಟಿಯರಿಂಗ್ ಬಿಚ್ಚುವುದು ಹೇಗೆಂದು ತಿಳಿಯದ ಕಾರಣ ಎಡಕ್ಕೆ ತಿರುಗುವುದನ್ನೇ ಬಿಟ್ಟರು. ಅಂದಿನಿಂದ ಅವರು ಮನೆಯಿಂದ ಕಾರ್ಖಾನೆಗೆ ಬಲಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ ತಿರುಗಿ, ಅರ್ಧ ಮಂಗಳೂರಿಗೆ ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದರು. ರೋಗ ಗೊತ್ತಾದ ಮೇಲೆ ಔಷಧಿಗೆ ಅವಸರವೇನು?

ನಗಬೇಡಿ. ಈ ಕಾರಿನ ಮೇಲೆ ಒಂದು ದೊಡ್ಡ ಮಾತು ನಿಂತಿತ್ತು. ಲೋಬೊರಿಗೆ ನಾಲ್ಕು ಹೆಣ್ಣುಮಕ್ಕಳು. ಹಿರಿಯವಳು ಒಲಿಂಡಾ. ಅವಳ ಸಂಬಂಧ ಕುಲಶೇಖರದ ಚಾರ್ಲ್ಸ್ ಮಿನೇಜಸರ ಮಗ ಜೆರೋಮನೊಂದಿಗೆ ಕುದುರಿದ ದಿನ, ಚಾರ್ಲ್ಸರು ಮೀಸೆಯಡಿ ನಗುತ್ತ, "ಮದುಮಗಳಿಗೆ ನಾವೇ ಟ್ಯಾಕ್ಸಿ ಕಳಿಸ್ತೇವೆ. ನಿಮ್ಮ ಕಾರು ಪಾಪ, ವಯಸ್ಸಾದದ್ದು" ಎಂದಿದ್ದರು. ಲೋಬೊರು ಕುರ್ಚಿಯಿಂದ ಎದ್ದು ನಿಂತು, "ನನ್ನ ಮಗಳು ಇಗರ್ಜಿಗೆ ಬರುದು ನನ್ನ ಕಾರಿನಲ್ಲಿ. ಓಡಿಸುದು ನಾನು. ಅದಕ್ಕೆ ಯಾವ ಮೆಕ್ಯಾನಿಕನ ಕೈಯೂ ತಾಗ್ಲಿಕ್ಕಿಲ್ಲ" ಎಂದು ಹತ್ತು ಜನರ ಎದುರು ಹೇಳಿಬಿಟ್ಟಿದ್ದರು. ಹೆಣ್ಣಿನ ತಂದೆ ತಲೆ ತಗ್ಗಿಸಬೇಕೆಂಬ ಕಾಲದಲ್ಲಿ ಹಾಗೆ ಎದ್ದು ನಿಲ್ಲುವುದೆಂದರೆ ಸಾಮಾನ್ಯ ಸಂಗತಿಯಲ್ಲ. ನಮ್ಮ ಓಣಿಗೆ ಓಣಿಯೇ ಆ ಮಾತಿಗೆ ಬೀಗಿತ್ತು.

ಮದುವೆಗೆ ಒಂದು ವಾರ ಇರುವಾಗ ಕದ್ರಿ ಗುಡ್ಡದ ಏರಿನಲ್ಲಿ ಕಾರು ದಮ್ಮು ಬಿಟ್ಟಿತು. ಗಡಗಡ ನಡುಗುತ್ತ, ಕುಂಟುತ್ತ, ಹೇಗೋ ಮನೆಗೆ ಬಂದು ಬಿದ್ದಿತು. ಲೋಬೊರು ಅದನ್ನು ಹಿತ್ತಿಲ ಶೆಡ್ಡಿಗೆ ನೂಕಿ, ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಇಟ್ಟು ಕೇಳಿದರು. ಬಳಿಕ ಅಡುಗೆಮನೆಯ ಬಾಗಿಲಿಗೆ ಬಂದು ಹೆಂಡತಿ ಲೂರ್ಡ್ಸ್ ಬಾಯಿಗೆ ಹೇಳಿದರು:

"ಹೋಯ್ತು ಮಾರಾಯ್ತಿ! ನಾಲ್ಕರಲ್ಲಿ ಒಂದು ಮಿಸ್ಸಿಂಗ್!"

ಎಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಒಂದು ಕೆಲಸ ಮಾಡದಿದ್ದರೆ ಅದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಇದು ಕಾರಿನವರ ಭಾಷೆ. ಲೋಬೊರು ಮನೆಯಲ್ಲಿ ಎಲ್ಲ ವಿಷಯ ಕೊಂಕಣಿಯಲ್ಲಿ ಮಾತಾಡಿದರೂ ಕಾರಿನ ವಿಷಯ ಮಾತ್ರ ಕನ್ನಡದಲ್ಲೇ ಆಡುತ್ತಿದ್ದರು. ಕೊಂಕಣಿಯಲ್ಲಾದರೆ ಹೆಂಡತಿ ಎದುರುತ್ತರ ಕೊಡುತ್ತಾಳೆ, ಕನ್ನಡವಾದರೆ ಸ್ವಲ್ಪ ಸರಕಾರಿ ಗಾಂಭೀರ್ಯ ಇರುತ್ತದೆ ಎಂದು.

"ಯಾರಿಗೂ ಹೇಳ್ಬೇಡ" ಎಂದು ಅವರು ದನಿ ತಗ್ಗಿಸಿದರು. "ಚಾರ್ಲ್ಸರ ಕಿವಿಗೆ ಬಿದ್ರೆ ನನ್ನ ಮರ್ಯಾದೆ ಮೂರು ಕಾಸು. ಮದುವೆಯ ಒಳಗೆ ನಾನೇ ಹುಡುಕ್ತೇನೆ."

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಅಂದು ಗೋಡೆಯ ಮರೆಯಲ್ಲಿ ಇದ್ದದ್ದು ಬೋಳೂರಿನ ದೇಯಿ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರುವ ದೇಯಿ, ಲೂರ್ಡ್ಸ್ ಬಾಯಿಗೆಂದು ಬಂಗುಡೆ ಶುಚಿ ಮಾಡುತ್ತ ಕೂತಿದ್ದಳು. ಅವಳ ಬುಟ್ಟಿಯಲ್ಲಿ ಮೀನೂ ಸುದ್ದಿಯೂ ತಾಜಾ ಇರುವಾಗಲೇ ಖರ್ಚಾಗುತ್ತಿದ್ದವು. ಅವಳಿಗೆ ಇಂಗ್ಲಿಷ್ ಬಾರದು. ಆದರೆ ಕೇಳಿದ ಶಬ್ದವನ್ನು ಬಾಲ ತಲೆ ಮುರಿಯದೆ ಹಾಗೆಯೇ ಸಾಗಿಸುವ ಕೈಚಳಕ ಇತ್ತು. ನೇರವಾಗಿ ಪಕ್ಕದ ಮನೆಯ ಶಶಿಪ್ರಭಾ ಟೀಚರ ಜಗಲಿಗೆ ಹೋಗಿ ಬುಟ್ಟಿ ಇಳಿಸಿದಳು.

"ಟೀಚರಮ್ಮ, ಮಿಸ್ಸಿಂಗ್ ಅಂದ್ರೆ ಎಂತ?"

"ಕಾಣೆಯಾಗುದು ಅಂತ. ಯಾಕೆ ದೇಯಿ?"

"ಅಯ್ಯೋ ದೇವರೇ! ಲೋಬೊ ಪೊರ್ಬುಗಳು ಬಾಯಮ್ಮನ ಹತ್ತಿರ ಅಳುವ ಹಾಗೆ ಹೇಳ್ತಾ ಇದ್ರು. ನಾಲ್ಕರಲ್ಲಿ ಒಂದು ಮಿಸ್ಸಿಂಗ್ ಅಂತೆ. ಚಾರ್ಲ್ಸ್ ಪೊರ್ಬುಗಳಿಗೆ ಗೊತ್ತಾಗ್ಬಾರದಂತೆ!"

ಇಲ್ಲಿ ಓದುಗರಿಗೆ ಒಂದು ವ್ಯಾಕರಣ ಪಾಠ ಅಗತ್ಯ. ಕೊಂಕಣಿಯಲ್ಲಿ ಮದುವೆಯಾಗದ ಹುಡುಗಿ 'ಅವಳು' ಅಲ್ಲ, 'ಅದು'. ಮದುವೆಯಾದ ಮೇಲೆಯೇ ಅವಳಿಗೆ 'ಅವಳು' ಎಂಬ ಬಡ್ತಿ. ಆ ಅಭ್ಯಾಸ ನಮ್ಮೂರಿನ ಕನ್ನಡಕ್ಕೂ ಅಂಟಿಕೊಂಡಿದೆ. ಲೋಬೊರ ಮನೆಯಲ್ಲಿ 'ನಾಲ್ಕು' ಎಂದರೆ ಹೆಣ್ಣುಮಕ್ಕಳು, 'ಒಂದು' ಎಂದರೆ ಅವರಲ್ಲೊಬ್ಬಳು ಎಂದು ತಿಳಿಯಲು ಮಣ್ಣಗುಡ್ಡದಲ್ಲಿ ಯಾರಿಗೂ ನಿಘಂಟು ಬೇಕಿರಲಿಲ್ಲ.

ಶಶಿಪ್ರಭಾ ಟೀಚರು ಬೇಲಿಯ ಆಚೆ ಇಣುಕಿದರು. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಹುಡುಗಿಯರು ಮೂವರೇ. ಇನ್ನೊಮ್ಮೆ ಎಣಿಸಿದರು. ಮೂವರೇ. ಇಲ್ಲದಿದ್ದದ್ದು ಒಲಿಂಡಾ.

ನಿಜ ಹೇಳಬೇಕೆಂದರೆ ಒಲಿಂಡಾ ಹೊಳೆಯಾಚೆಯ ಉಳ್ಳಾಲದಲ್ಲಿ ಸೋದರತ್ತೆಯ ಮನೆಯಲ್ಲಿ ಮದುವೆಯ ರವಿಕೆ ಹೊಲಿಸಿಕೊಳ್ಳುತ್ತ ಸುಖವಾಗಿದ್ದಳು. ಆದರೆ ಇಗರ್ಜಿಯಲ್ಲಿ ಪಾದ್ರಿಗಳು ಮದುವೆಯ ಪ್ರಕಟಣೆ ಓದಿದ ಮೇಲೆ ಹುಡುಗಿ ಹೊಳೆ ದಾಟಬಾರದು ಎಂದು ಲೂರ್ಡ್ಸ್ ಬಾಯಿಯ ಅತ್ತೆ ಸಾಯುವವರೆಗೂ ಹೇಳುತ್ತಿದ್ದರು. ಈಗ ಹುಡುಗಿಯನ್ನು ದೋಣಿ ಹತ್ತಿಸಿ ಕಳಿಸಿದ್ದು ಜನರಿಗೆ ತಿಳಿದರೆ ಏನೆಂದಾರು? ಹಾಗಾಗಿ ಟೀಚರು ಬೇಲಿಯಿಂದ, "ಒಲಿಂಡಾ ಕಾಣ್ತಾ ಇಲ್ವಲ್ಲ ಬಾಯಿ?" ಎಂದು ಕೇಳಿದಾಗ ಲೂರ್ಡ್ಸ್ ಬಾಯಿ ಬಿಳಿಚಿಕೊಂಡು, "ಒಳಗೆ ಉಂಟು. ತಲೆನೋವು" ಎಂದು ಹೇಳಿ ಒಳಗೆ ಓಡಿದರು. ಟೀಚರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸಂಜೆ ಅವರು ಒಂದು ತಟ್ಟೆಯಲ್ಲಿ ನೀರುದೋಸೆ ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಹೋದರು. ಕಷ್ಟದಲ್ಲಿರುವವರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಲೋಬೊರು ಬಾನೆಟ್ಟಿನೊಳಗೆ ಸೊಂಟದವರೆಗೆ ಮುಳುಗಿದ್ದರು.

"ಲೋಬೊರೇ, ನನಗೆ ಗೊತ್ತಾಯ್ತು. ನಾಲ್ಕರಲ್ಲಿ ಒಂದು..."

ಲೋಬೊರು ಬೆಚ್ಚಿ ತಲೆ ಎತ್ತಿ ಬಾನೆಟ್ಟಿಗೆ ಬಡಿಸಿಕೊಂಡರು. "ನಿಮಗೂ ಗೊತ್ತಾಯ್ತಾ? ಹಾಗಾದ್ರೆ ಶಬ್ದ ನಿಮ್ಮ ಮನೆಯವರೆಗೆ ಕೇಳಿತು!"

"ಮೊದಲೇ ಏನಾದ್ರೂ ಲಕ್ಷಣ ಇತ್ತಾ?"

"ಇತ್ತು, ನಾನು ಗಮನ ಕೊಡ್ಲಿಲ್ಲ. ಬೆಳಿಗ್ಗೆ ಎಬ್ಬಿಸಿದ್ರೆ ಏಳುದಿಲ್ಲ. ಎದ್ರೂ ನಡುಗುದು, ಕೆಮ್ಮುದು. ಆಮೇಲೆ ಹೊಗೆ ಬಿಡ್ಲಿಕ್ಕೆ ಶುರು ಮಾಡಿತು."

"ಹೊಗೆಯಾ!" ಎಂದರು ಟೀಚರು. ಒಲಿಂಡಾ ಅವರ ಹತ್ತಿರವೇ ಐದನೆಯ ಕ್ಲಾಸಿನವರೆಗೆ ಕಲಿತವಳು.

"ಕಪ್ಪು ಹೊಗೆ. ಈಗ ಒಂದೊಂದನ್ನೇ ಪರೀಕ್ಷೆ ಮಾಡಿದೆ ಟೀಚರೇ. ಒಂದೊಂದರ ವಯರ್ ತೆಗೆದು ನೋಡಿದೆ. ಎರಡನೆಯದನ್ನು ತೆಗೆದ್ರೆ ನರಳಿತು. ಮೂರನೆಯದಕ್ಕೂ ನರಳಿತು, ನಾಲ್ಕನೆಯದಕ್ಕೂ ನರಳಿತು. ಆದ್ರೆ ಒಂದನೆಯದು ಉಂಟಲ್ಲ, ಅದನ್ನು ತೆಗೆದ್ರೆ ಎಂತದೂ ಇಲ್ಲ! ಅದು ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ!"

ಟೀಚರು ವಯರು ಎಂಬುದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಹಿರಿಯ ಮಗಳು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ! ದುಃಖ ಮನುಷ್ಯನನ್ನು ಎಷ್ಟು ಕಲ್ಲು ಮಾಡುತ್ತದೆ! ತಟ್ಟೆಯನ್ನು ಮಡ್‌ಗಾರ್ಡಿನ ಮೇಲೆ ಇಟ್ಟು, ಸೆರಗಿನಿಂದ ಕಣ್ಣೊರಸುತ್ತ ಮನೆಗೆ ಬಂದರು. ಲೋಬೊರು ದೋಸೆ ತಿನ್ನುತ್ತ, ಯಂತ್ರದ ಕಷ್ಟಕ್ಕೆ ಇಷ್ಟು ಮರುಗುವ ವಿದ್ಯಾವಂತೆ ನೆರೆಮನೆಯಲ್ಲಿ ಇರುವುದು ತಮ್ಮ ಪುಣ್ಯ ಎಂದುಕೊಂಡರು.

ಮರುದಿನ ಬಂದವರು ಮ್ಯಾಕ್ಸಿಮ್ ಗುರ್ಕಾರರು. ನಮ್ಮ ಕೇರಿಯ ಕ್ರೈಸ್ತರ ಹಿರಿಯ. ಗಂಡ ಹೆಂಡಿರ ಜಗಳದಿಂದ ಹಿಡಿದು ಬೇಲಿಯ ಜಗಳದವರೆಗೆ, ಪಾದ್ರಿಗಳಿಗೆ ಮುಟ್ಟುವ ಮೊದಲು ಎಲ್ಲವೂ ಅವರ ಕೊಡೆಯ ಕೆಳಗೆ ಹಾದು ಹೋಗಬೇಕು. ಮಳೆ ಬಿಸಿಲು ಎರಡೂ ಇಲ್ಲದಾಗಲೂ ಆ ಕೊಡೆ ಬಿಡಿಸಿಯೇ ಇರುತ್ತಿತ್ತು. ಶೆಡ್ಡಿನೊಳಗೂ ಬಿಡಿಸಿಕೊಂಡೇ ಬಂದರು.

"ಸೆವರಿನ್, ನನ್ನ ಹತ್ತಿರ ಮುಚ್ಚುಮರೆ ಬೇಡ. ಯಾವುದು? ಒಂದನೆಯದಾ?"

"ಒಂದನೆಯದೇ ಗುರ್ಕಾರರೇ."

"ಪೊಲೀಸರಿಗೆ ಹೇಳುವಾ?"

ಲೋಬೊರಿಗೆ ಸಿಟ್ಟು ಬಂತು. "ಪೊಲೀಸರಿಗೆ ಎಂತ ಗೊತ್ತುಂಟು? ನನ್ನದು, ನಾನೇ ಸರಿ ಮಾಡ್ತೇನೆ. ಹೊರಗಿನವರ ಕೈ ತಾಗ್ಲಿಕ್ಕೆ ಬಿಡುದಿಲ್ಲ."

"ಮದುವೆ ಹತ್ತಿರ ಬಂತಲ್ಲ ಮಾರಾಯ. ಎಂತ ಮಾಡ್ತಿ?"

"ಅದಕ್ಕೆ ಉಪಾಯ ಉಂಟು." ಲೋಬೊರು ಆಚೆ ಈಚೆ ನೋಡಿ ಗುಟ್ಟಿನಲ್ಲಿ ಹೇಳಿದರು. "ಎರಡನೆಯದನ್ನು ತೆಗೆದು ಒಂದನೆಯದರ ಜಾಗಕ್ಕೆ ಹಾಕ್ತೇನೆ."

ಪ್ಲಗ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಪ್ಲಗ್ಗುಗಳನ್ನು ಅದಲು ಬದಲು ಮಾಡಿ ನೋಡುವುದು ಒಳ್ಳೆಯ ಕ್ರಮ. ಯಾವ ಪುಸ್ತಕದಲ್ಲಾದರೂ ಇದ್ದೀತು. ಗುರ್ಕಾರರ ಕೈಯಿಂದ ಕೊಡೆ ಜಾರಿತು.

"ಸೆವರಿನ್! ಚಾರ್ಲ್ಸ್ ಒಪ್ಪಿಯಾರಾ?"

"ಅವರಿಗೆ ಯಾಕೆ ಹೇಳುದು? ನೋಡ್ಲಿಕ್ಕೆ ಎರಡೂ ಒಂದೇ ರೀತಿ ಉಂಟು. ಮೇಲಿನಿಂದ ಮುಚ್ಚಿರ್ತದೆ, ಯಾರು ಎತ್ತಿ ನೋಡ್ತಾರೆ? ಇಗರ್ಜಿಯವರೆಗೆ ಹೋಗಿ ಮುಟ್ಟಿದ್ರೆ ಸಾಕು."

"ದೇವರಿಗೆ ಎಂತ ಹೇಳ್ತಿ?"

"ದೇವರಿಗೆ ಇಂಥಾ ವಿಷಯದಲ್ಲಿ ಆಸಕ್ತಿ ಇಲ್ಲ ಗುರ್ಕಾರರೇ" ಎಂದು ಲೋಬೊರು ಮತ್ತೆ ಬಾನೆಟ್ಟಿನೊಳಗೆ ಇಳಿದರು.

ಮದುಮಗಳ ಮುಸುಕಿನ ಕೆಳಗೆ ತಂಗಿಯನ್ನು ಕೂರಿಸಿ ಮೋಸದ ಮದುವೆ! ಮೂವತ್ತು ವರ್ಷ ಗುರ್ಕಾರಿಕೆ ಮಾಡಿದವರು ಇಂಥದ್ದನ್ನು ಕೇಳಿರಲಿಲ್ಲ. ಬಿದ್ದ ಕೊಡೆಯನ್ನು ಅಲ್ಲೇ ಬಿಟ್ಟು ಅವರು ಕುಲಶೇಖರದ ಬಸ್ಸು ಹತ್ತಿದರು. ಮ್ಯಾಕ್ಸಿಮ್ ಗುರ್ಕಾರರು ಕೊಡೆ ಇಲ್ಲದೆ ಹೋದದ್ದನ್ನು ಕಂಡ ಮೇಲೆ, ಸುದ್ದಿ ಸುಳ್ಳೆಂದು ನಂಬಿದ್ದ ನಾಲ್ಕು ಮನೆಯವರೂ ನಂಬಿದರು.

ಚಾರ್ಲ್ಸ್ ಮಿನೇಜಸರು ಎಲ್ಲವನ್ನೂ ಕೇಳಿ, ಹಲ್ಲು ಕಡಿದು, "ಈ ಸಂಬಂಧ ಇಲ್ಲಿಗೆ ಮುಗಿಯಿತು" ಎಂದು ಗರ್ಜಿಸಿದರು. ಆಗ ಮೂಲೆಯಲ್ಲಿದ್ದ ಜೆರೋಮ್ ಬಾಯಿ ಬಿಟ್ಟ. ಬ್ಯಾಂಕಿನ ಕೌಂಟರಿನಲ್ಲೂ ಮಾತಾಡಲು ನಾಚುವ ಹುಡುಗ ಅವನು. ತಂದೆಯ ಮಾತಿಗೆ ಎದುರಾಡಿದ್ದು ಅದೇ ಮೊದಲು.

"ಪಪ್ಪಾ, ನನಗೆ ಒಲಿಂಡಾನೇ ಬೇಕು. ಎರಡನೆಯದೂ ಬೇಡ, ಬೇರೆ ಮನೆಯದೂ ಬೇಡ. ಸಿಗುವ ತನಕ ಕಾಯ್ತೇನೆ. ಸಂತ ಆಂತೋನಿಗೆ ನನ್ನಷ್ಟೇ ಎತ್ತರದ ಮೇಣದ ಬತ್ತಿ ಈಗಷ್ಟೇ ಹರಕೆ ಹೊತ್ತಿದ್ದೇನೆ."

ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅವರು. ಜೆರೋಮನೋ ಆರಡಿಗೆ ಒಂದು ಬೆರಳು ಕಡಿಮೆ. ಮಗನ ಎತ್ತರವನ್ನೂ ಮಾತನ್ನೂ ನೋಡಿದ ಚಾರ್ಲ್ಸರು ಕೋಟು ಹಾಕಿಕೊಂಡರು. "ನಡೆಯಿರಿ. ಅವನ ಮುಖಕ್ಕೇ ಕೇಳುವ."

ಅಂದು ಭಾನುವಾರ. ಸಂಜೆ ಲೋಬೊರ ಹಿತ್ತಿಲಲ್ಲಿ ಇಷ್ಟು ಜನ ಸೇರಿದರು: ಚಾರ್ಲ್ಸರು, ಜೆರೋಮ್, ಗುರ್ಕಾರರು, ಶಶಿಪ್ರಭಾ ಟೀಚರು, ಬುಟ್ಟಿ ಸಮೇತ ದೇಯಿ, ಮತ್ತೆ 'ಸುಮ್ಮನೆ ಹಾದು ಹೋಗುತ್ತಿದ್ದ' ಅರ್ಧ ಮಣ್ಣಗುಡ್ಡ. ನಾನೂ ಸುಮ್ಮನೆ ಹಾದು ಹೋಗುತ್ತಿದ್ದೆ. ಲೂರ್ಡ್ಸ್ ಬಾಯಿ ಅಡುಗೆಮನೆಯ ಕಿಟಕಿಯಿಂದ ನೋಡಿ, ಹೊಳೆ ದಾಟಿಸಿದ ವಿಷಯ ಇಷ್ಟು ದೊಡ್ಡದಾಯಿತೇ ಎಂದು ಜಪಸರ ಹಿಡಿದು ಕೂತರು.

ಶೆಡ್ಡಿನೊಳಗೆ ಮಬ್ಬುಗತ್ತಲು. ಎಂಜಿನ್ ಗಡಗಡಿಸುತ್ತಿತ್ತು. ಲೋಬೊರು ಪ್ಲಗ್ ಬದಲಿಸಿ ನೋಡಿದ್ದರು. ಒಂದನೆಯ ಜಾಗವೇ ಇನ್ನೂ ಸತ್ತಿತ್ತು. ಹಾಗಾದರೆ ಪ್ಲಗ್ ನಿರಪರಾಧಿ. ಸ್ಕ್ರೂಡ್ರೈವರ್ ಕಿವಿಗಿಟ್ಟು ಅವರು ಕಣ್ಣು ಮುಚ್ಚಿದರು. ಸಣ್ಣಗೆ ಟಿಕ್, ಟಿಕ್, ಟಿಕ್. ಈ ಟಿಕ್ ಎಲ್ಲಿಯದು? ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಕಿವಿಯನ್ನು ನಂಬದೆ ಕಣ್ಣು ಬಿಟ್ಟರು.

"ಸೆವರಿನ್ ಲೋಬೊ!" ಚಾರ್ಲ್ಸರು ಬಾಗಿಲಲ್ಲಿ ನಿಂತು ಗುಡುಗಿದರು. "ಒಂದನೆಯದು ಎಲ್ಲಿ?"

ಅದೇ ಗಳಿಗೆಗೆ ಲೋಬೊರ ಕಣ್ಣಿಗೆ ಒಂದನೆಯ ವಯರಿನ ನಡುವಿನಲ್ಲಿ ನೀಲಿ ಕಿಡಿಯೊಂದು ಹಾರುವುದು ಕಂಡಿತು. ಬೆರಳಿಟ್ಟರು. ವಿದ್ಯುತ್ತು ಅವರನ್ನು ನೆಲದಿಂದ ಒಂದು ಗೇಣು ಎತ್ತಿ, ಶೆಡ್ಡಿನ ಹೊರಗೆ, ಸರಿಯಾಗಿ ಚಾರ್ಲ್ಸರ ಎದೆಯ ಮೇಲೆ ಎಸೆಯಿತು.

"ಸಿಕ್ಕಿತು!" ಲೋಬೊರು ಕಿರುಚಿದರು. "ಸಿಕ್ಕಿತು ಚಾರ್ಲ್ಸ್! ಒಂದನೆಯದು ಸಿಕ್ಕಿತು! ಇಲ್ಲೇ ಇತ್ತು, ಕಣ್ಣೆದುರೇ ಇತ್ತು!"

ಎಲ್ಲರೂ ಲೋಬೊರು ಕೈ ತೋರಿಸಿದ ಕಡೆ ತಿರುಗಿದರು. ಕೈ ಶೆಡ್ಡಿನ ಕಡೆಗೇ ಚಾಚಬೇಕಿತ್ತು. ಆದರೆ ಶಾಕು ಹೊಡೆದ ಕೈ ಗೇಟಿನ ಕಡೆಗೆ ಚಾಚಿಕೊಂಡು ನಡುಗುತ್ತಿತ್ತು. ಆ ಗೇಟನ್ನು ತೆರೆದುಕೊಂಡು, ಕೈಯಲ್ಲಿ ರವಿಕೆಯ ಗಂಟು ಹಿಡಿದು, ಉಳ್ಳಾಲದ ದೋಣಿಯಿಂದ ಇಳಿದು ಬಂದ ಒಲಿಂಡಾ ಅಂಗಳದಲ್ಲಿ ನಿಂತಿದ್ದಳು.

"ಎಂತ ಇಷ್ಟು ಜನ?" ಎಂದಳು.

ಮುಂದೆ ಆದದ್ದನ್ನು ವರ್ಣಿಸಲು ನನ್ನಿಂದ ಆಗದು. ಟೀಚರು ಅತ್ತರು. ಗುರ್ಕಾರರು ಟೊಪ್ಪಿ ತೆಗೆದು ಆಕಾಶಕ್ಕೆ ಕೈ ಮುಗಿದರು. ದೇಯಿ ಬುಟ್ಟಿಯಲ್ಲಿದ್ದ ಅಂಜಲ್ ಮೀನನ್ನು ಎತ್ತಿ ಲೂರ್ಡ್ಸ್ ಬಾಯಿಯ ಕೈಗೆ ಪುಕ್ಕಟೆ ಇಟ್ಟಳು. ಇದು ಬೋಳೂರಿನ ಇತಿಹಾಸದಲ್ಲೇ ಮೊದಲ ಸಲ. ಚಾರ್ಲ್ಸರು ಗ್ರೀಸು ಮೆತ್ತಿದ ಲೋಬೊರನ್ನು ತಮ್ಮ ಬಿಳಿ ಕೋಟಿಗೆ ಅಪ್ಪಿಕೊಂಡು, "ನೀವು ದೊಡ್ಡವರು ಸೆವರಿನ್! ಊರೆಲ್ಲ ಬಾಯಿಗೆ ಬಂದದ್ದು ಹೇಳುವಾಗ ಒಬ್ಬರೇ ಹುಡುಕಿದಿರಿ!" ಎಂದರು.

"ಹೊರಗಿನವರ ಕೈ ತಾಗ್ಲಿಲ್ಲ" ಎಂದರು ಲೋಬೊರು, ಎದೆ ಉಬ್ಬಿಸಿ.

"ಇಲ್ಲ, ತಾಗ್ಲಿಲ್ಲ" ಎಂದು ಚಾರ್ಲ್ಸರು ಒಪ್ಪಿದರು. "ಇನ್ನು ಟ್ಯಾಕ್ಸಿಯ ಮಾತು ಎತ್ತುದಿಲ್ಲ. ನಿಮ್ಮ ಕಾರಿನಲ್ಲೇ ಬರಲಿ."

ಜೆರೋಮ್ ಮುಂದೆ ಬಂದು, "ಮಾವ, ನಾನು ಸಂತ ಆಂತೋನಿಗೆ ನನ್ನಷ್ಟೇ ಎತ್ತರದ ಬತ್ತಿ ಹರಕೆ ಹೇಳಿದ್ದೆ" ಎಂದ. ಲೋಬೊರು ಗ್ರೀಸಿನ ಕೈಯಿಂದಲೇ ಅವನ ಭುಜ ತಟ್ಟಿದರು. ತಮ್ಮ ಕಾರಿನ ಒಂದು ಸಿಲಿಂಡರಿಗಾಗಿ ಹರಕೆ ಹೊತ್ತ ಅಳಿಯ! ತಮಗೆ ನಾಲ್ಕು ಹೆಣ್ಣುಮಕ್ಕಳಿದ್ದರೆ ನಾಲ್ಕನ್ನೂ ಇಂಥವನಿಗೇ ಕೊಡಬಹುದಿತ್ತು ಎಂದು ಅವರಿಗೆ ಅನಿಸಿತು. ಇದ್ದರು, ಆದರೆ ಕಾನೂನು ಅಡ್ಡ ಬಂತು.

ವಯರು ಇಲಿ ಕಡಿದು ಕೆಟ್ಟದ್ದು. ಲೂರ್ಡ್ಸ್ ಬಾಯಿ ಒಣಮೀನಿನ ಕಟ್ಟನ್ನು ಶೆಡ್ಡಿನಲ್ಲಿ, ಬಾನೆಟ್ಟಿನ ನೇರ ಮೇಲೆ ನೇತು ಹಾಕಿದ್ದರು. ಮೀನು ಎಟುಕದ ಇಲಿ ಕೆಳಗಿಳಿದು ವಯರು ಜಗಿದಿತ್ತು. ಒಳಗೆ ಇಲಿ ಮಾಡಿದ ಕೆಲಸ ಹೊರಗೆ ಹುಲಿಯಾಗಿ ಕುಲಶೇಖರದವರೆಗೆ ಹೋಗಿ ಬಂತು. ಒಲಿಂಡಾಗೂ ಅವಳ ತಾಯಿಗೂ ಅರ್ಧ ಗಂಟೆಯಲ್ಲಿ ಎಲ್ಲ ಅರ್ಥವಾಯಿತು. ಆದರೆ ಬಾಯಿ ಬಿಟ್ಟರೆ ಹೊಳೆ ದಾಟಿದ್ದು ಹೊರಬೀಳುತ್ತದೆ. ತಾಯಿ ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಲೋಬೊರಿಗೆ ಯಾರೂ ಹೇಳಲಿಲ್ಲ. ಅವರ ಮುಖದ ಮೇಲಿನ ಹೆಮ್ಮೆ ನೋಡಿದ ಮೇಲೆ ಹೇಳಲು ಯಾರಿಗೂ ಮನಸ್ಸು ಬರಲಿಲ್ಲ.

ವಯರು ಬದಲಿಸಿ, ಮದುವೆಯ ದಿನ ಕಾರು ತೊಳೆದು, ಮುಂದೆ ಮಲ್ಲಿಗೆ ಕಟ್ಟಿ, ಸೂಟು ಹಾಕಿದ ಲೋಬೊರು ಸ್ಟಿಯರಿಂಗ್ ಹಿಡಿದರು. ನಾಲ್ಕೂ ಸಿಲಿಂಡರು ಒಂದೇ ಉಸಿರಿನಲ್ಲಿ ಗುನುಗಿದವು. ಬಲಕ್ಕೆ, ಬಲಕ್ಕೆ, ಬಲಕ್ಕೆ. ಆದರೆ ಇಗರ್ಜಿಯ ಗೇಟು ಇದ್ದದ್ದು ಎಡಕ್ಕೆ. ಲೋಬೊರು ಶಿಲುಬೆಯ ಗುರುತು ಹಾಕಿ ಎಡಕ್ಕೆ ತಿರುಗಿಸಿದರು. ಹಾರ್ನ್ ಒಮ್ಮೆ ಕೂಗಲು ಶುರು ಮಾಡಿದ್ದು ಇಗರ್ಜಿಯ ಮೆಟ್ಟಿಲವರೆಗೆ ನಿಲ್ಲಲೇ ಇಲ್ಲ. ಬ್ಯಾಂಡಿನವರು ತಬ್ಬಿಬ್ಬಾಗಿ ಅದೇ ಸ್ವರಕ್ಕೆ ಕಹಳೆ ಹಿಡಿದರು. ಕುಲಶೇಖರದ ನೆಂಟರು, "ಮಣ್ಣಗುಡ್ಡದವರ ಗತ್ತೇ ಬೇರೆ" ಎಂದು ಮಾತಾಡಿಕೊಂಡರು. ಪೂಜೆಯ ನಡುವೆ ಪಾದ್ರಿಗಳು, "ಕಳೆದುಹೋದದ್ದು ಸಿಕ್ಕಿದಾಗ ಆಗುವ ಸಂತೋಷಕ್ಕೆ ಸಮನಾದದ್ದಿಲ್ಲ" ಎಂದು ಪ್ರಸಂಗ ಮಾಡಿದರು. ಲೋಬೊರು ಮುಂದಿನ ಬೆಂಚಿನಲ್ಲಿ ಕಣ್ಣೊರಸಿಕೊಂಡು, "ನೋಡು, ಪಾದ್ರಿಗಳಿಗೂ ಗೊತ್ತಾಗಿದೆ" ಎಂದು ಹೆಂಡತಿಗೆ ಪಿಸುಗುಟ್ಟಿದರು.

ಒಲಿಂಡಾ ಗಂಡನ ಮನೆಗೆ ಹೋದ ಮರುದಿನ ಬೆಳಿಗ್ಗೆ ಲೋಬೊರು ಶೆಡ್ಡಿನಲ್ಲಿ ಎಂಜಿನ್ ಓಡಿಸಿ, ಸ್ಕ್ರೂಡ್ರೈವರ್ ಕಿವಿಗೆ ಇಟ್ಟು ನಿಂತಿದ್ದರು. ಬಹಳ ಹೊತ್ತಿನಿಂದ ಹಾಗೆಯೇ ನಿಂತಿದ್ದರು. ಬೇಲಿಯ ಆಚೆಯಿಂದ ಶಶಿಪ್ರಭಾ ಟೀಚರು, "ಹೇಗುಂಟು ಲೋಬೊರೇ, ಎಲ್ಲ ಸರಿ ಉಂಟಾ?" ಎಂದು ಕೇಳಿದರು. ದೇಯಿ ಆಗಷ್ಟೇ ಗೇಟಿನೊಳಗೆ ಬರುತ್ತಿದ್ದಳು.

"ಕಾರಿನಲ್ಲಿ ನಾಲ್ಕೂ ಸರಿ ಉಂಟು ಟೀಚರೇ" ಎಂದರು ಲೋಬೊರು. ಸ್ಕ್ರೂಡ್ರೈವರ್ ಕಿವಿಯಿಂದ ತೆಗೆಯಲಿಲ್ಲ. "ಮನೆಯಲ್ಲಿ ಒಂದು ಮಿಸ್ಸಿಂಗ್."

ಕೊಂಕಣಿಯ ವ್ಯಾಕರಣದ ಪ್ರಕಾರ ಒಲಿಂಡಾ ನಿನ್ನೆಯಿಂದ 'ಅವಳು'. ಅಪ್ಪನಿಗೆ ಇನ್ನೂ 'ಒಂದು'. ದೇಯಿ ಬುಟ್ಟಿ ಇಳಿಸಿ, ಸದ್ದು ಮಾಡದೆ ಜಗಲಿಯ ಅಂಚಿನಲ್ಲಿ ಕೂತಳು. ಆ ಇಂಗ್ಲಿಷ್ ಶಬ್ದದ ಅರ್ಥವನ್ನು ಈ ಸಲ ಅವಳು ಯಾರಲ್ಲೂ ಕೇಳಲಿಲ್ಲ.